ಹಳೆ ಕಟ್ಟಡ ಉಳಿಸುವ ಟ್ರಸ್ಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಗುಡಿ, ಹಳೆ ಮನೆ, ಹಳೆ ಮಾರುಕಟ್ಟೆ ಅಂತ ಸುತ್ತುತ್ತಾ ಹತ್ತು ವರ್ಷದ ಮೇಲಾಯಿತು. ನಾನು ಎಂಜಿನಿಯರ್ ಅಲ್ಲ. ಇಂಥ ಕೆಲಸಗಳಲ್ಲಿ ಏಣಿ ಹಿಡಿದುಕೊಂಡವಳು, ಅರ್ಜಿ ಬರೆದವಳು, ಚಂದಾ ಎತ್ತಿದವಳು. ಮದುವೆ ಮನೆಯಲ್ಲಿ ಸಿಕ್ಕವರೂ, ಫೋನ್ ಮಾಡಿದವರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಒಂದೇ ಕಡೆ ಬರೆದಿಟ್ಟರೆ ನನಗೂ ಅನುಕೂಲ.

ಸರ್ಕಾರದ ಇಲಾಖೆ ಇದೆಯಲ್ಲ, ಮತ್ತೆ ಟ್ರಸ್ಟ್ ಯಾಕೆ ಬೇಕು?

ಇಲಾಖೆ ಒಂದಲ್ಲ, ಎರಡಿವೆ. ಕೇಂದ್ರದ್ದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಕರ್ನಾಟಕದಲ್ಲಿ ಅದರ ಕೈಯಲ್ಲಿ 500ಕ್ಕೂ ಹೆಚ್ಚು ಸ್ಮಾರಕಗಳಿವೆ. ರಾಜ್ಯದ್ದು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಕಚೇರಿ ಮೈಸೂರಿನಲ್ಲಿ. ಅದರ ಪಟ್ಟಿಯಲ್ಲಿ 800ಕ್ಕೂ ಹೆಚ್ಚು.

ಎರಡನ್ನೂ ಕೂಡಿಸಿ ನೋಡಿ. ಈಗ ನಿಮ್ಮ ತಾಲ್ಲೂಕಿನ ಹಳೆ ಗುಡಿ, ಕಲ್ಯಾಣಿ, ಕೋಟೆ, ವಾಡೆ, ಛತ್ರಗಳನ್ನು ಮನಸ್ಸಲ್ಲೇ ಎಣಿಸಿ. ಧಾರ್ಮಿಕ ದತ್ತಿ ಇಲಾಖೆಯ ದೇವಸ್ಥಾನಗಳೇ 34 ಸಾವಿರದ ಮೇಲಿವೆ. ಅವೆಲ್ಲ ಹಳೆಯವಲ್ಲ, ಆದರೆ ಹಳೆಯವೂ ಬಹಳ ಇವೆ. ಪಟ್ಟಿಗೆ ಸೇರದ ಕಟ್ಟಡಕ್ಕೆ ನೀಲಿ ಬೋರ್ಡಿಲ್ಲ, ಕಾವಲುಗಾರನಿಲ್ಲ, ವರ್ಷದ ಅನುದಾನವಿಲ್ಲ. ಟ್ರಸ್ಟ್‌ಗಳು ಕೆಲಸ ಮಾಡುವುದು ಮುಖ್ಯವಾಗಿ ಈ ಜಾಗದಲ್ಲಿ.

ನಮ್ಮಲ್ಲಿ ಯಾರ್‍ಯಾರು ಇದ್ದಾರೆ?

ಪೂರ್ತಿ ಪಟ್ಟಿ ಕೊಡಲ್ಲ. ನನಗೆ ಗೊತ್ತಿರುವವರಲ್ಲಿ ಒಬ್ಬೊಬ್ಬರ ದಾರಿ ಒಂದೊಂದು.

ದೇಶದ ಮಟ್ಟದಲ್ಲಿ ದೊಡ್ಡ ಹೆಸರು ಇಂಟ್ಯಾಕ್. 1984ರಲ್ಲಿ ದೆಹಲಿಯಲ್ಲಿ ಸೊಸೈಟಿಯಾಗಿ ಶುರುವಾಯಿತು. ಊರೂರಲ್ಲಿ ಘಟಕಗಳಿವೆ, ಬೆಂಗಳೂರು, ಮೈಸೂರಿನಲ್ಲೂ ಇವೆ. ಕಟ್ಟಡಗಳ ಪಟ್ಟಿ ಮಾಡುವುದು, ದುರಸ್ತಿಗೆ ಸಲಹೆ ಕೊಡುವುದು, ನಡಿಗೆ ಏರ್ಪಡಿಸುವುದು, ಬೇಕಾದಾಗ ಕೋರ್ಟಿಗೂ ಹೋಗುವುದು ಇವರ ಕೆಲಸ.

ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಇದೆ. ಡಿ. ವೀರೇಂದ್ರ ಹೆಗ್ಗಡೆಯವರು ಹುಟ್ಟುಹಾಕಿದ್ದು. ಇಲ್ಲಿವರೆಗೆ 200ಕ್ಕೂ ಹೆಚ್ಚು ಹಳೆ ದೇವಾಲಯಗಳನ್ನು ಎತ್ತಿ ನಿಲ್ಲಿಸಿದೆ. ಕುಸಿದ ಗುಡಿಯ ಕಲ್ಲುಗಳಿಗೆ ಒಂದೊಂದಾಗಿ ನಂಬರ್ ಹಾಕಿ, ಬಿಚ್ಚಿ, ತಳಪಾಯ ಸರಿಮಾಡಿ, ಅದೇ ಕಲ್ಲು ಅದೇ ಜಾಗಕ್ಕೆ ಬರುವಂತೆ ಜೋಡಿಸುತ್ತಾರೆ. ಇವರ ಲೆಕ್ಕಾಚಾರ ನನಗೆ ಬಹಳ ಇಷ್ಟ. ಖರ್ಚಿನಲ್ಲಿ ಶೇ 40 ಟ್ರಸ್ಟಿನದು, ಶೇ 40 ರಾಜ್ಯ ಸರ್ಕಾರದ್ದು, ಉಳಿದ ಶೇ 20 ಊರಿನವರದು. ಆ 20 ಇದೆ ನೋಡಿ, ಅದೇ ಗುಟ್ಟು. ಕೈಯಿಂದ ದುಡ್ಡು ಬಿಚ್ಚಿದ ಊರು ಆಮೇಲೆ ಗುಡಿಗೆ ಬೆನ್ನು ತಿರುಗಿಸುವುದಿಲ್ಲ.

ಹಂಪಿ ಪಕ್ಕದ ಆನೆಗೊಂದಿಯಲ್ಲಿ 1997ರಿಂದ ಕಿಷ್ಕಿಂದ ಟ್ರಸ್ಟ್ ಇದೆ. ಇವರು ಕಟ್ಟಡದ ಜೊತೆಗೆ ಊರಿನ ದುಡಿಮೆಯನ್ನೂ ನೋಡಿಕೊಂಡವರು. ಹೆಣ್ಣುಮಕ್ಕಳಿಗೆ ಬಾಳೆನಾರಿನ ಕಸುಬು ಕಲಿಸಿದರು, ಹಳೆ ಮನೆಗಳನ್ನು ರಿಪೇರಿ ಮಾಡಿ ಬಂದವರು ಉಳಿಯಲು ಕೊಟ್ಟರು. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಷ್ಟು ಹಳೆಯದು. ಈಚೆಗೆ ಅದು ನಗರದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಕಲ್ಲು ನಾಳೆ ರಸ್ತೆ ಕೆಲಸದಲ್ಲಿ ಒಡೆದುಹೋದರೂ ಅಕ್ಷರ ಉಳಿಯುತ್ತದೆ.

ಜೀರ್ಣೋದ್ಧಾರ, ಸಂರಕ್ಷಣೆ ಎರಡೂ ಒಂದೇ ಅಲ್ವಾ?

ಅಲ್ಲ. ಎಲ್ಲಾ ಬಿಟ್ಟರೂ ಈ ಒಂದು ಉತ್ತರ ಮಾತ್ರ ಓದಿ.

ನಮ್ಮ ಕಡೆ ಜೀರ್ಣೋದ್ಧಾರ ಅಂದರೆ ಸಾಮಾನ್ಯವಾಗಿ ಏನಾಗುತ್ತದೆ? ಚಪ್ಪಡಿ ಕಲ್ಲಿನ ನೆಲದ ಮೇಲೆ ಟೈಲ್ಸ್. ಕೆತ್ತನೆಯ ಕಂಬಕ್ಕೆ ಆಯಿಲ್ ಪೇಂಟ್. ಗರ್ಭಗುಡಿ ಮುಂದೆ ಸ್ಟೀಲ್ ಕಟಕಟೆ, ಮೇಲೆ ಶೀಟು. ದುಡ್ಡು ಜಾಸ್ತಿ ಬಂದರೆ ಹಳೆಯದನ್ನು ಪೂರ್ತಿ ಕೆಡವಿ ಕಾಂಕ್ರೀಟ್ ಗೋಪುರ. ಎಲ್ಲವೂ ಭಕ್ತಿಯಿಂದಲೇ ಆಗುತ್ತದೆ, ಅದೇ ಕಷ್ಟ. ಕೆಟ್ಟ ಉದ್ದೇಶದವರನ್ನು ಬೈಯಬಹುದು, ಭಕ್ತರನ್ನು ಏನಂತ ಬೈಯುವುದು?

ಸಂರಕ್ಷಣೆ ಅಂದರೆ ಇರುವುದನ್ನು ಆದಷ್ಟು ಹಾಗೇ ಇಟ್ಟು, ಹಾಳಾದ ಭಾಗವನ್ನು ಮಾತ್ರ ಅದೇ ಜಾತಿಯ ಸಾಮಗ್ರಿಯಿಂದ ಸರಿಮಾಡುವುದು.

ಇದು ನನಗೆ ಗೊತ್ತಾದದ್ದು ನಮ್ಮ ಅಜ್ಜನ ಮನೆಯಲ್ಲಿ. ಸಕಲೇಶಪುರದ ಕಡೆಯ ತೊಟ್ಟಿ ಮನೆ, ಮಣ್ಣಿನ ಗೋಡೆ. ಮಳೆಯ ಎರಚಲಿಗೆ ಗೋಡೆ ಕರಗುತ್ತದೆ ಅಂತ ಚಿಕ್ಕಪ್ಪ ಹೊರಗಡೆ ಪೂರ್ತಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಮೊದಲ ವರ್ಷ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮೂರನೇ ಮಳೆಗಾಲದಲ್ಲಿ ಅಡುಗೆಮನೆ ಗೋಡೆ ಹೊಟ್ಟೆ ಬಿಟ್ಟಿತು. ಬೆರಳಿನಿಂದ ತಟ್ಟಿದರೆ ಡಬಡಬ ಅಂತ ಟೊಳ್ಳು ಸದ್ದು. ಮೇಸ್ತ್ರಿ ಪ್ಲಾಸ್ಟರಿನ ಒಂದು ಹಲ್ಲೆ ಎಬ್ಬಿಸಿದ. ಒಳಗಿನ ಮಣ್ಣು ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಹಸಿ. ನೆಲದಿಂದ ಏರಿದ ತೇವ, ಸಂದಿನಿಂದ ಇಳಿದ ನೀರು, ಎರಡಕ್ಕೂ ಹೊರಗೆ ಹೋಗಲು ದಾರಿಯಿರಲಿಲ್ಲ. ಮಣ್ಣಿನ ಗೋಡೆಯೂ ಸುಣ್ಣದ ಗೋಡೆಯೂ ಮಳೆಗಾಲದಲ್ಲಿ ತೇವ ಕುಡಿದು ಬಿಸಿಲಿಗೆ ಒಣಗುತ್ತವೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ.

ಹಳೆ ಕಲ್ಲಿನ ಗುಡಿಗೂ ಇದೇ ಕತೆ. ಸಂದಿಗೆ ಸಿಮೆಂಟ್ ತುಂಬಿದರೆ ಅದರ ಉಪ್ಪು ಕಲ್ಲಿಗೆ ಇಳಿದು ಮೇಲ್ಮೈ ಪುಡಿಪುಡಿಯಾಗಿ ಉದುರುತ್ತದೆ. ಸ್ಯಾಂಡ್ ಬ್ಲಾಸ್ಟಿಂಗ್ ಅಂತ ಮರಳು ಚಿಮ್ಮಿಸಿ ತೊಳೆಯುವುದಂತೂ ಇನ್ನೂ ಕೆಟ್ಟದ್ದು. ಕೊಳೆಯ ಜೊತೆ ಕೆತ್ತನೆಯ ನವಿರು, ಶಾಸನದ ಅಕ್ಷರ ಎಲ್ಲಾ ಹೋಗುತ್ತದೆ. ಸಾವಿರ ವರ್ಷದ ಮಳೆ ಮಾಡದ ಕೆಲಸವನ್ನು ಒಂದು ಮಧ್ಯಾಹ್ನ ಮಾಡಿಬಿಡುತ್ತದೆ.

ಸುಣ್ಣದ ಗಾರೆ ಕೆಲಸ ಬಲ್ಲವರು ಈಗ ಎಲ್ಲಿ ಸಿಗುತ್ತಾರೆ?

ಕಡಿಮೆ, ಆದರೆ ಇದ್ದಾರೆ. ಒಳ್ಳೆ ಸಂಸ್ಥೆಗಳ ಬಳಿ ಇಂಥ ಮೇಸ್ತ್ರಿಗಳ ಫೋನ್ ನಂಬರ್ ಇರುತ್ತದೆ. ನನ್ನ ಪ್ರಕಾರ ಸಂಸ್ಥೆಯ ನಿಜವಾದ ಆಸ್ತಿ ಅದೇ.

ಕೆಲಸ ನೋಡಲು ಚೆಂದ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ವಾರಗಟ್ಟಲೆ ಕೊಳೆಸುತ್ತಾರೆ. ಆಮೇಲೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆಯುತ್ತಾರೆ. ಇಟ್ಟಿಗೆ ಪುಡಿಗೆ ಸುರ್ಕಿ ಅನ್ನುತ್ತಾರೆ. ಬೆಲ್ಲ, ಅಳಲೆಕಾಯಿ ನೆನೆಹಾಕಿದ ನೀರು ಬೀಳುತ್ತದೆ. ಹತ್ತಿರ ಹೋದರೆ ಹುಳಿಹುಳಿ ಸಿಹಿ ವಾಸನೆ, ನೊಣಗಳ ಹಿಂಡು. ನಾನು ನೋಡಿದ ಒಬ್ಬ ಮೇಸ್ತ್ರಿ ಗಾರೆ ಹದ ಆಯಿತಾ ಅಂತ ನೋಡಲು ಕರಣೆಯಲ್ಲಿ ಒಂದಿಷ್ಟು ತೆಗೆದು ತಲೆಕೆಳಗು ಮಾಡಿದರು. ಬೀಳಲಿಲ್ಲ. 'ಆಯ್ತು, ಹಚ್ಚಬಹುದು' ಅಂದರು. ಲ್ಯಾಬ್ ರಿಪೋರ್ಟ್ ಅಷ್ಟೇ.

ಸಿಮೆಂಟಿಗಿಂತ ದುಬಾರಿ, ಹೌದು. ನಿಧಾನವೂ ಹೌದು. ಗಾರೆ ಒಣಗುವಾಗ ಗೋಣಿಚೀಲ ನೆನೆಸಿ ಹೊದಿಸಿ ದಿನಾ ನೋಡಿಕೊಳ್ಳಬೇಕು. 'ಜಾತ್ರೆಗೆ ಮುಂಚೆ ಮುಗಿಸಿ' ಅನ್ನುವ ಕಮಿಟಿಗಳಿಗೆ ಇದು ಹೊಂದುವುದಿಲ್ಲ.

ಹಳೆ ಮನೆ ಕಿತ್ತು ಬೇರೆ ಕಡೆ ಜೋಡಿಸುವುದು ಸರಿನಾ?

ಈ ಪ್ರಶ್ನೆ ಕೇಳುವವರು ಮಣಿಪಾಲಕ್ಕೆ ಹೋಗಿಬಂದವರೇ. ವಿಜಯನಾಥ ಶೆಣೈ ಬ್ಯಾಂಕ್ ನೌಕರರಾಗಿದ್ದವರು. ಹಳೆ ಮನೆಗಳನ್ನು ಕೆಡವಿ ಕಂಬ, ಬಾಗಿಲುಗಳನ್ನು ಸೌದೆ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ಅವನ್ನು ಕೂಡಿಹಾಕಿದರು. ಮೊದಲು ಅವುಗಳಿಂದಲೇ ತಮ್ಮ ಮನೆ ಕಟ್ಟಿಕೊಂಡರು. ಆಮೇಲೆ ಹಸ್ತಶಿಲ್ಪ ಟ್ರಸ್ಟ್ ಮೂಲಕ ಇಡೀ ಇಡೀ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಪರಂಪರೆಯ ಹಳ್ಳಿಯನ್ನೇ ನಿಲ್ಲಿಸಿದರು. ಕುಂಜೂರು ಚೌಕಿಮನೆ, ಮೀಯಾರು ಮನೆ, ಮುಧೋಳದ ದರ್ಬಾರ್ ಹಾಲ್ ಎಲ್ಲಾ ಅಲ್ಲಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು.

ಸಂರಕ್ಷಣೆಯ ಶಾಸ್ತ್ರ ಏನು ಹೇಳುತ್ತದೆ ಅಂದರೆ, ಕಟ್ಟಡ ಹುಟ್ಟಿದ ನೆಲದಲ್ಲೇ ಇರಬೇಕು. ಕುಂಜೂರಿನ ಮನೆಗೆ ಕುಂಜೂರಿನ ಗದ್ದೆ, ಬಾವಿ, ನಾಗಬನವೂ ಸೇರಿದ್ದು. ಮಣಿಪಾಲದಲ್ಲಿ ಅದು ಒಂಟಿ. ಒಪ್ಪುತ್ತೇನೆ. ಆದರೆ ಎದುರಿಗಿದ್ದ ಇನ್ನೊಂದು ದಾರಿ ಸೌದೆ ಡಿಪೋ ಆಗಿದ್ದಾಗ ಶಾಸ್ತ್ರ ಹೇಳುತ್ತಾ ಕೂರಲು ನನಗಂತೂ ಮನಸ್ಸಾಗುವುದಿಲ್ಲ.

ದುಡ್ಡು ಕೊಡಬೇಕು ಅಂತಿದ್ದೇನೆ. ಟ್ರಸ್ಟ್ ನಂಬಬಹುದಾ ಅಂತ ತಿಳಿಯುವುದು ಹೇಗೆ?

ಕಾಗದಪತ್ರ ಮೊದಲು. ಟ್ರಸ್ಟ್, ಸೊಸೈಟಿ, ಇಲ್ಲವೇ ಸೆಕ್ಷನ್ 8 ಕಂಪನಿ (ಲಾಭಕ್ಕಲ್ಲದ ಕಂಪನಿ), ಮೂರರಲ್ಲಿ ಯಾವುದಾದರೂ ಆಗಿರಲಿ, ನೋಂದಣಿ ಇರಬೇಕು. ಆಡಿಟ್ ಆದ ಲೆಕ್ಕ ಕೇಳಿ. ಸರ್ಕಾರದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹೆಸರಿದೆಯಾ ನೋಡಿ. ಸಂರಕ್ಷಿತ ಸ್ಮಾರಕದ ಕೆಲಸವಾದರೆ ಇಲಾಖೆಯ ಅನುಮತಿ ಪತ್ರ ತೋರಿಸಲೇಬೇಕು. ಅದಿಲ್ಲದೆ ಒಂದು ಕಲ್ಲು ಅಲುಗಿಸಿದರೂ ಅಪರಾಧ.

ಕಾಗದ ಸರಿಯಿದ್ದರೆ ಎರಡು ಪ್ರಶ್ನೆ ಕೇಳಿ. 'ಗಾರೆ ಹಾಕ್ತೀರೋ, ಸಿಮೆಂಟೋ?' ಇದು ಮೊದಲನೆಯದು. ತಡವರಿಸಿದರೆ ಅರ್ಥವಾಯಿತಲ್ಲ. ಎರಡನೆಯದು, 'ಬರುವ ವರ್ಷ ಮಳೆಗಾಲಕ್ಕೆ ಮುಂಚೆ ಛಾವಣಿ ಹತ್ತಿ ಮಳೆನೀರಿನ ಹರಿನಾಳ ಕ್ಲೀನ್ ಮಾಡುವವರು ಯಾರು?' ಹೆಸರು ಹೇಳಿದರೆ ಕಣ್ಣುಮುಚ್ಚಿ ಕೊಡಿ. ಎಷ್ಟೋ ಚೆಂದದ ದುರಸ್ತಿಗಳು ಐದೇ ವರ್ಷದಲ್ಲಿ ಹಾಳಾದದ್ದನ್ನು ನೋಡಿದ್ದೇನೆ. ಕಾರಣ ದುಡ್ಡಿನ ಕೊರತೆಯಾಗಿರಲಿಲ್ಲ. ಒಂದು ಬುಟ್ಟಿ ತರಗೆಲೆ ಕಟ್ಟಿಕೊಂಡ ಹರಿನಾಳ.

ತೆರಿಗೆ ವಿನಾಯಿತಿ ಸಿಗುತ್ತದಾ?

ಆದಾಯ ತೆರಿಗೆಯ 80ಜಿ ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟರೆ, ನೀವು ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ, ಸಿಗುತ್ತದೆ. ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ, ಅದಕ್ಕೂ ಮಿತಿಯಿದೆ. ಕೇಂದ್ರ ಸರ್ಕಾರ 1996ರಲ್ಲಿ ಮಾಡಿದ ರಾಷ್ಟ್ರೀಯ ಸಂಸ್ಕೃತಿ ನಿಧಿಗೆ ಕೊಟ್ಟರೆ ನೂರಕ್ಕೆ ನೂರು. 2000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ. ಯುಪಿಐ ಇಲ್ಲವೇ ಚೆಕ್ ಮೂಲಕ ಕೊಡಿ, ರಸೀದಿ ಇಟ್ಟುಕೊಳ್ಳಿ.

ನಾನು ಅಮೆರಿಕದಲ್ಲಿದ್ದೇನೆ. ಊರಿನ ಗುಡಿಗೆ ಕಳಿಸಬಹುದಾ?

ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನುವುದರ ಮೇಲಿದೆ. ಭಾರತದ್ದೇ ಆಗಿದ್ದರೆ ಬ್ಯಾಂಕ್ ಮೂಲಕ ಕಳಿಸಿದ ದುಡ್ಡನ್ನು ವಿದೇಶಿ ದೇಣಿಗೆ ಅಂತ ಲೆಕ್ಕ ಹಾಕುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು, ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಊರಿನ ಸಣ್ಣ ಕಮಿಟಿಗೆ ಇದೆಲ್ಲ ಇರುವುದಿಲ್ಲ. ಸುಮ್ನೆ ಕಳಿಸಿ ಅವರನ್ನು ತೊಂದರೆಗೆ ಸಿಕ್ಕಿಸಬೇಡಿ.

ನಮ್ಮ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಹಾಕಬಹುದಾ?

ಹಾಕಬಹುದು. 2013ರ ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲ್‌ನಲ್ಲಿ, ಅಂದರೆ ಈ ಹಣ ಹಾಕಬಹುದಾದ ಕೆಲಸಗಳ ಪಟ್ಟಿಯಲ್ಲಿ, ಐತಿಹಾಸಿಕ ಕಟ್ಟಡಗಳನ್ನು ಸರಿಪಡಿಸುವುದೂ ಇದೆ. ಲಕ್ಷ್ಮೇಶ್ವರದ ಸೋಮೇಶ್ವರ ದೇವಸ್ಥಾನ ಇನ್ಫೋಸಿಸ್ ಫೌಂಡೇಶನ್ ನೆರವಿನಿಂದ ಚೇತರಿಸಿಕೊಂಡದ್ದು ನಮ್ಮ ಕಣ್ಣೆದುರೇ ಇದೆ.

2017ರಲ್ಲಿ ಕೇಂದ್ರ ಸರ್ಕಾರ ಸ್ಮಾರಕಗಳನ್ನು ದತ್ತು ಕೊಡುವ ಯೋಜನೆ ತಂದಿತು. ಮರುವರ್ಷ ದಾಲ್ಮಿಯಾ ಭಾರತ್ ಕಂಪನಿ ಕೆಂಪುಕೋಟೆಯನ್ನು ದತ್ತು ತೆಗೆದುಕೊಂಡಾಗ 'ಕೋಟೆ ಮಾರಿದರು' ಅಂತ ದೊಡ್ಡ ಗಲಾಟೆಯಾಯಿತು. ಮಾರಿರಲಿಲ್ಲ. ಶೌಚಾಲಯ, ಕುಡಿಯುವ ನೀರು, ದೀಪ, ದಾರಿ ಇಂಥ ಸೌಕರ್ಯ ಕಂಪನಿಯದು, ಕಟ್ಟಡ ಇಲಾಖೆಯದೇ. ನನ್ನ ತಕರಾರು ಬೇರೆ. ಕಂಪನಿಗಳಿಗೆ ಫಲಕ ಹಾಕುವಂಥ, ರಿಬ್ಬನ್ ಕತ್ತರಿಸುವಂಥ ಕೆಲಸವೇ ಬೇಕು. ಹುಲ್ಲು ಕೀಳುವುದಕ್ಕೆ ವರ್ಷಕ್ಕೆ ಇಷ್ಟು ಅಂತ ಕೊಡಿ ಅಂದರೆ ಮೀಟಿಂಗಿನಲ್ಲಿ ಎಲ್ಲರೂ ಮೊಬೈಲ್ ನೋಡತೊಡಗುತ್ತಾರೆ.

ನಮ್ಮ ಮನೆಯೇ ನೂರು ವರ್ಷ ಹಳೆಯದು. ಟ್ರಸ್ಟಿನವರು ರಿಪೇರಿ ಮಾಡಿಕೊಡುತ್ತಾರಾ?

ಖಾಸಗಿ ಮನೆಗೆ ದುಡ್ಡು ಕೊಡುವುದು ಅಪರೂಪ. ಸಲಹೆ, ಮೇಸ್ತ್ರಿಯ ನಂಬರ್, ಹಳೆ ಹೆಂಚು ಸಿಗುವ ಜಾಗ, ಇಷ್ಟಂತೂ ಸಿಗುತ್ತದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿ, ಮಲೆನಾಡಿನ ಛಾವಣಿಗಳೆಲ್ಲ ಕೆಂಪಾದವು. ಆ ಹೆಂಚು ಇವತ್ತಿಗೂ ಗಟ್ಟಿ. ಸೋರುತ್ತಿದೆ ಅಂತ ಛಾವಣಿ ಕಿತ್ತು ಆರ್‌ಸಿಸಿ ಹಾಕಿಸುವ ಮುಂಚೆ ಒಡೆದ ಹೆಂಚು ಬದಲಿಸಿ, ಹೆಂಚು ಹೊರುವ ಮರದ ರೀಪು, ಪಕಾಸುಗಳಲ್ಲಿ ಗೆದ್ದಲು ಹಿಡಿದದ್ದನ್ನು ಬದಲಿಸಿ ನೋಡಿ. ಹಳೆ ಗೋಡೆ ಆರ್‌ಸಿಸಿ ಭಾರಕ್ಕೆ ಅಂತ ಕಟ್ಟಿದ್ದಲ್ಲ.

ಸ್ಮಾರಕದ ಪಕ್ಕ ನಮ್ಮ ಸೈಟಿದೆ. ಮನೆ ಕಟ್ಟಬಹುದಾ?

ಕೇಂದ್ರ ಸಂರಕ್ಷಿತ ಸ್ಮಾರಕವಾದರೆ, ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಅದರ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಪಡೆದು ಕಟ್ಟಬಹುದು. ಇರುವ ಮನೆಯ ರಿಪೇರಿಗೂ ಅನುಮತಿ ಬೇಕು. ಊರಿನವರಿಗೆ ಸ್ಮಾರಕದ ಮೇಲೆ ಸಿಟ್ಟು ಬರುವುದು ಇಲ್ಲೇ. ಮಗನ ಮದುವೆಗೆ ಒಂದು ಕೋಣೆ ಏರಿಸಲೂ ಅರ್ಜಿ ಹಿಡಿದು ಅಲೆಯಬೇಕು. ಆ ಸಿಟ್ಟು ಸುಳ್ಳಲ್ಲ. ಅರ್ಜಿ ತುಂಬಿಸಿಕೊಡುವಷ್ಟಾದರೂ ಸಹಾಯ ನಮ್ಮಂಥವರು ಮಾಡಬೇಕು.

ಒಳ್ಳೆ ಹಳೆ ಕಟ್ಟಡ ಕೆಡವಲು ಹೊರಟಿದ್ದಾರೆ. ಏನು ಮಾಡಲಿ?

ಮೊದಲು ಫೋಟೊ ತೆಗೆಯಿರಿ, ಎಲ್ಲಾ ಮಗ್ಗುಲಿಂದ. ಯಾರ ಹೆಸರಿನಲ್ಲಿದೆ, ಯಾವ ಪಟ್ಟಿಯಲ್ಲಿದೆ ನೋಡಿ. ಇಂಟ್ಯಾಕ್‌ನಂಥ ಸಂಸ್ಥೆಗೆ ಅದೇ ದಿನ ತಿಳಿಸಿ. ಜೆಸಿಬಿ ಬಂದ ಮೇಲೆ ಹೇಳಿದರೆ ಯಾರೂ ಏನೂ ಮಾಡಲಾರರು.

ಬೆಂಗಳೂರಿನ ಅಠಾರಾ ಕಚೇರಿ, ಈಗಿನ ಹೈಕೋರ್ಟ್ ಕಟ್ಟಡ, 1868ರದ್ದು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ಕೋರ್ಟಿಗೆ ಹೋದರು, ಊರೆಲ್ಲ ಮಾತಾಯಿತು. ಕಟ್ಟಡ ಇವತ್ತಿಗೂ ನಿಂತಿದೆ. ಕಬ್ಬನ್ ಪಾರ್ಕ್ ಕಡೆ ಹೋದವರೆಲ್ಲ ಆ ಕೆಂಪು ಕಟ್ಟಡ ನೋಡಿರುತ್ತೀರಿ.

ಮೈಸೂರಿನ ಕತೆ ಅಷ್ಟು ಸರಳವಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಹಾಗೇ ಕಾಣುವಂತೆ ಹೊಸದು ಕಟ್ಟೋಣ ಅಂದವರು ಒಂದು ಕಡೆ, ರಿಪೇರಿ ಸಾಧ್ಯ ಅಂದವರು ಇನ್ನೊಂದು ಕಡೆ. ಜಗಳ ಹೈಕೋರ್ಟ್ ಮೆಟ್ಟಿಲೇರಿತು. ಜನ ಸತ್ತ ಮೇಲೆ 'ಕಟ್ಟಡ ಉಳಿಸಿ' ಅನ್ನುವುದು ಸುಲಭವಲ್ಲ. ಬೀಳುವುದಕ್ಕೆ ಮುಂಚೆ, ನೀರು ಇಳಿಯತೊಡಗಿದಾಗಲೇ ಅನ್ನಬೇಕಿತ್ತು.

ದುಡ್ಡಿಲ್ಲ, ಭಾನುವಾರ ಬಿಡುವಿದೆ. ನನ್ನಿಂದ ಏನಾದರೂ ಆಗುತ್ತದಾ?

ಬೇಕಾದಷ್ಟು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಒಂದು ಶಾಸನದ ಕಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದ್ದು, ಕಿತ್ತಯ್ಯನೆಂಬ ವೀರನದು. ಅದರಲ್ಲಿ ಊರಿನ ಹೆಸರು 'ಪೆರ್ಬೊಳಲು' ಅಂತಿದೆ. ಚರಂಡಿ ಪಕ್ಕ ಬಿದ್ದಿದ್ದ ಕಲ್ಲನ್ನು ಗುರುತಿಸಿದ್ದು ಆಸಕ್ತಿ ಇದ್ದ ಸಾಮಾನ್ಯ ಜನ. ಊರವರೇ ಅದಕ್ಕೊಂದು ಮಂಟಪ ಕಟ್ಟಿದರು. ನಿಮ್ಮ ಬೀದಿಯ ಕಲ್ಲು, ಬಾವಿ, ಮಂಟಪಗಳ ಫೋಟೊ, ಅಳತೆ, ಹಿರಿಯರು ಹೇಳುವ ಕತೆ ಬರೆದಿಟ್ಟರೂ ಅದು ಕೆಲಸವೇ. ಒಂದೇ ಮಾತು, ಅಕ್ಷರ ಚೆನ್ನಾಗಿ ಕಾಣಲಿ ಅಂತ ಶಾಸನದ ಮೇಲೆ ಪೇಂಟ್ ಹಚ್ಚಬೇಡಿ, ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ.

ಸ್ಮಾರಕ ಹಾಳು ಮಾಡಿದವರಿಗೆ ಶಿಕ್ಷೆ ಆಗುತ್ತದಾ, ಸುಮ್ನೆ ಬಿಡುತ್ತಾರಾ?

ಆಗುತ್ತದೆ. 2019ರಲ್ಲಿ ಹಂಪಿಯಲ್ಲಿ ಹುಡುಗರು ಕಂಬ ಬೀಳಿಸುವ ವಿಡಿಯೊ ನೀವೂ ನೋಡಿರಬಹುದು. ನಾಲ್ವರಿಗೂ ಕೋರ್ಟ್ ತಲಾ 70 ಸಾವಿರ ರೂಪಾಯಿ ದಂಡ ಹಾಕಿತು, ಬೀಳಿಸಿದ ಕಂಬ ನಿಲ್ಲಿಸಲೂ ಹಚ್ಚಿತು. ಅದೇ ವರ್ಷ ಆನೆಗೊಂದಿಯ ನವಬೃಂದಾವನದಲ್ಲಿ ನಿಧಿಗಳ್ಳರು ಮಾಧ್ವ ಯತಿ ವ್ಯಾಸರಾಜರ ಬೃಂದಾವನವನ್ನೇ (ಸಮಾಧಿಯನ್ನೇ) ಒಡೆದರು. ನಿಧಿ ಆಸೆಗೆ ಹಾಳಾದ ಗುಡಿಗಳಿಗೆ ಲೆಕ್ಕವಿಲ್ಲ.

ನಮ್ಮೂರ ಗುಡಿ ಗೋಡೆಯಲ್ಲಿ ಅರಳಿ ಸಸಿ ಬಂದಿದೆ. ಕೀಳಬಹುದಾ? ಪಾಪ ಅಂತಾರೆ.

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಸಂರಕ್ಷಿತ ಸ್ಮಾರಕವಾದರೆ ಮುಟ್ಟಬೇಡಿ, ಇಲಾಖೆಗೆ ತಿಳಿಸಿ. ಊರಿನ ಗುಡಿಯಾದರೆ, ಸಸಿ ಗೇಣುದ್ದ ಇರುವಾಗಲೇ, ಮಳೆ ಬಂದ ಮಾರನೇ ದಿನ, ಸಂದಿ ಹಸಿಯಿದ್ದಾಗ ಬೇರು ಸಮೇತ ಎಳೆದುಬಿಡಿ. ಆ ಸಂದಿಗೆ ಗಾರೆ ತುಂಬಿಸಿ. ತೋಳು ಗಾತ್ರದ ಮರವಾಗಿದ್ದರೆ ಎಳೆಯಲೇಬೇಡಿ, ಬೇರಿನ ಜೊತೆ ಗೋಡೆಯೂ ಬರುತ್ತದೆ. ಕಡಿದು, ಬುಡಕ್ಕೆ ಔಷಧಿ ಹಾಕಿ ಸಾಯಿಸಿ, ಆಮೇಲೆ ಕಲ್ಲು ಬಿಚ್ಚಿ ತೆಗೆಯಬೇಕು. ಅದಕ್ಕೆ ಬಲ್ಲವರೇ ಬೇಕು.

ಪಾಪದ ವಿಷಯಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಒಂದು ಹಳ್ಳಿಯಲ್ಲಿ ವಯಸ್ಸಾದ ಅರ್ಚಕರು ದಾರಿ ತೋರಿಸಿದರು. ಸಸಿಗೆ ಅರಿಶಿನ ಕುಂಕುಮ ಹಚ್ಚಿ, ನೀರೆರೆದು, 'ನಿನಗೆ ಒಳ್ಳೆ ಜಾಗ ಕೊಡ್ತೀವಿ, ಬಾಪ್ಪ' ಅಂದು ಮೆಲ್ಲಗೆ ಕಿತ್ತರು. ಕೆರೆ ಏರಿ ಮೇಲೆ ನೆಟ್ಟರು. ಹೋದ ವರ್ಷ ಹೋದಾಗ ಆ ಸಸಿ ನನ್ನ ಎದೆಮಟ್ಟಕ್ಕೆ ಬಂದಿತ್ತು. ಯಾರೋ ಸುತ್ತ ಮುಳ್ಳಿನ ಬೇಲಿಯನ್ನೂ ಕಟ್ಟಿದ್ದರು.